ಎರಡು ಒಂಟಿ ಸೇರಿದರೆ ಜೋಡಿಯಲ್ಲ

ಅತ್ತಿಗೆಯನ್ನು ಹೊಗಳುವುದು ನನ್ನ ಜಾಯಮಾನವಲ್ಲ. ಅಣ್ಣನ ಮದುವೆಯಾದಂದಿನಿಂದ ನಮ್ಮಿಬ್ಬರದು ಹಾವು ಮುಂಗುಸಿಯ ಸಂಬಂಧ. ಸಾಲದ್ದಕ್ಕೆ ಇಬ್ಬರಿಗೂ ಒಂದೇ ಶೂ ಕಾರ್ಖಾನೆಯಲ್ಲಿ ಕೆಲಸ. ಅವರದು ಉಗ್ರಾಣ, ನನ್ನದು ಕಂಪ್ಯೂಟರ್ ವಿಭಾಗ. ಆದರೂ ಆ ಶುಕ್ರವಾರದ ಸಂಗತಿಯನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಮ್ಮಲ್ಲಿ ಎಲ್ಲವೂ ಜೋಡಿ ಲೆಕ್ಕ. ಒಂದು ಆಸ್ಪತ್ರೆಗೆ ಮಾತ್ರ ಒಂಟಿ ಶೂ ಹೋಗುತ್ತದೆ, ಒಂದೇ ಕಾಲಿರುವವರಿಗೆ. ಎರಡು ವರ್ಷಕ್ಕೊಮ್ಮೆ ಬರುವ ಆರ್ಡರ್ ಅದು. ಅಂದು ಬೆಳಿಗ್ಗೆ ಅತ್ತಿಗೆ ಅದನ್ನು ಹೊಸ ಸಾಫ್ಟ್‌ವೇರಿಗೆ ಏರಿಸಿದ್ದೇ ತಡ, ಪರದೆಯ ಮೇಲೆ ಕೆಂಪು ಸಾಲು ಮೂಡಿತು: ‘ಡೆಫಿನಿಷನ್ ಸಿಗಲಿಲ್ಲ.’ ಲೇಬಲ್ ಬರಲಿಲ್ಲ. ಲೇಬಲ್ ಇಲ್ಲದ ಪೆಟ್ಟಿಗೆಯನ್ನು ಗೇಟಿನವರು ಬಿಡುವುದಿಲ್ಲ. ವ್ಯಾನ್ ಹೊರಡುವುದು ಐದಕ್ಕೆ.

ಮ್ಯಾನೇಜರ್ ಬಂದು ನೋಡಿದರು. “ಏನೋ ತಪ್ಪು ಒತ್ತಿದ್ದೀರಮ್ಮ. ಹೊಸ ಸಿಸ್ಟಮ್ ನಿಮಗೆ ಒಗ್ತಿಲ್ಲ. ಇವತ್ತು ಈ ಮಾಲು ಹೋಗ್ಲಿಲ್ಲ ಅಂದ್ರೆ ಸೋಮವಾರದಿಂದ ನೀವು ಪ್ಯಾಕಿಂಗ್‌ಗೆ ಹೋಗಿ, ಉಗ್ರಾಣ ಬೇರೆಯವರು ನೋಡ್ಕೊಳ್ಳಲಿ.”

ಇಪ್ಪತ್ತೆರಡು ವರ್ಷ ನೋಡಿಕೊಂಡ ಉಗ್ರಾಣ. ಅತ್ತಿಗೆ ಕೀ ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಅವರನ್ನು ಬೈಯುವ ಹಕ್ಕು ನನ್ನೊಬ್ಬಳದು ಅಂದುಕೊಂಡಿದ್ದೆ.

ಸಾಫ್ಟ್‌ವೇರ್ ಕಂಪನಿಯಿಂದ ಬಂದಿದ್ದ ತಜ್ಞನಿಗೆ ನಾವಿಟ್ಟ ಹೆಸರು ರೀಸ್ಟಾರ್ಟ್ ರಾಯರು. ಯಾವ ಕಾಯಿಲೆಗೂ ಅದೊಂದೇ ಮದ್ದು. ಮೂರು ಸಲ ರೀಸ್ಟಾರ್ಟ್ ಮಾಡಿ ಕೈಚೆಲ್ಲಿದರು. “ಜೋಡಿ ಅಂತ್ಲೇ ಹಾಕಿ ಕಳಿಸಿಬಿಡಿ ಮೇಡಂ. ಒಂದು ಜಾಸ್ತಿ ಹೋದ್ರೆ ಏನಾಯ್ತು?”

“ಒಂದು ಕಾಲು ಕಳ್ಕೊಂಡವ್ರು ಪೆಟ್ಟಿಗೆ ತೆಗೆದಾಗ ಎರಡು ಶೂ ಇರ್ಬೇಕಾ?” ಎಂದರು ಅತ್ತಿಗೆ. “ಆ ಇನ್ನೊಂದನ್ನ ಅವ್ರು ಏನು ಮಾಡ್ಬೇಕು? ನೀವೇ ಹೇಳಿ.”

ರಾಯರು ಲ್ಯಾಪ್‌ಟಾಪ್ ಕಡೆಗೆ ತಿರುಗಿಕೊಂಡರು.

ನಾನು ಕಂಪ್ಯೂಟರ್ ಮುಂದೆ ಕೂತೆ. ದೋಷದ ದಾಖಲೆಯನ್ನು ಸಾಲುಸಾಲಾಗಿ ಓದಿದೆ. ಅತ್ತಿಗೆ ಒತ್ತಿದ ಒಂದು ಅಕ್ಷರವೂ ತಪ್ಪಿರಲಿಲ್ಲ. ಶೂ ಇತ್ತು, ಅಳತೆ ಇತ್ತು, ಆಸ್ಪತ್ರೆಯ ವಿಳಾಸ ಇತ್ತು. ‘ಒಂಟಿ’ ಎಂದರೇನು, ಅದನ್ನು ಹೇಗೆ ಎಣಿಸಬೇಕು ಎಂದು ಸಾಫ್ಟ್‌ವೇರಿಗೆ ತಿಳಿಸುವ ಡೆಫಿನಿಷನ್ ಮಾತ್ರ ಇರಲಿಲ್ಲ. ಹಳೆಯದರಿಂದ ಹೊಸದಕ್ಕೆ ಬರುವಾಗ ಅದು ಎಲ್ಲಿ ಬಿದ್ದುಹೋಯಿತು? ಬಿಟ್ಟುಬಂದವುಗಳ ಪಟ್ಟಿ ತೆಗೆದೆ. ಅಲ್ಲಿತ್ತು: ‘ಒಂಟಿ. ಒಂದು ವರ್ಷದಿಂದ ಬಳಕೆಯಿಲ್ಲ. ಅಳಿಸಬಹುದು.’ ಪಕ್ಕದಲ್ಲಿ ಒಪ್ಪಿಗೆ ಕೊಟ್ಟವರ ಹೆಸರು.

ನನ್ನ ಹೆಸರು.

ಹಳೆಯ ಸಿಸ್ಟಮ್‌ನ ಕಸವೆಲ್ಲ ಗುಡಿಸಿದೆನೆಂದು ಬೆನ್ನು ತಟ್ಟಿಕೊಂಡಿದ್ದವಳು ನಾನೇ. ಉಗ್ರಾಣಕ್ಕೆ ಹೋಗಿ ಒಂದು ಮಾತು ಕೇಳಿರಲಿಲ್ಲ.

ಮ್ಯಾನೇಜರ್ ಎದುರಿಗೇ ಹೇಳಿದೆ: “ಸರ್, ತಪ್ಪು ಇವರದ್ದಲ್ಲ. ನನ್ನದು. ನಾನೇ ಅಳಿಸಿದ್ದು.”

ಅವರು ಬಾಯಿ ತೆರೆಯುವ ಮೊದಲೇ ಅತ್ತಿಗೆ ನಡುವೆ ಬಂದರು. “ಬೈಯೋದು ಆಮೇಲೆ ಇಟ್ಕೊಳ್ಳಿ ಸಾರ್. ಏನೇ, ಅದನ್ನ ಮತ್ತೆ ಬರೆಯೋಕಾಗುತ್ತಾ?”

“ಆಗುತ್ತೆ. ಆದ್ರೆ ನಿಯಮ ಏನಿತ್ತು ಅಂತ ಗೊತ್ತಿಲ್ವಲ್ಲ. ಹಳೇ ಸಿಸ್ಟಮ್ ಮುಚ್ಚಿಬಿಟ್ಟಿದ್ದಾರೆ.”

“ಬಾ ಇಲ್ಲಿ.”

ಉಗ್ರಾಣದ ಕೊನೆಯ ಬೀರುವನ್ನು ತೆಗೆದರು. ಬಾಗಿಲ ಒಳಮೈಗೆ ಹಳದಿಗಟ್ಟಿದ ಕಾಗದಗಳು, ಸಾಲಾಗಿ. ಯಾವುದೇ ಹೊಸ ವಸ್ತುವನ್ನು, ಅದು ಏನು ಎಂದು ಬರೆದು ಅಂಟಿಸದೆ ಅತ್ತಿಗೆ ಶೆಲ್ಫಿಗೆ ಏರಿಸುವುದಿಲ್ಲ. ಹುಚ್ಚು ಎಂದು ನಾನು ಎಷ್ಟೋ ಸಲ ನಕ್ಕಿದ್ದೆ. ಅವರ ದುಂಡನೆಯ ಅಕ್ಷರದಲ್ಲಿತ್ತು: ‘ಒಂಟಿ: ಒಂದೇ ಕಾಲಿನ ಶೂ. ಎಡ ಬೇರೆ, ಬಲ ಬೇರೆ ಎಣಿಸಬೇಕು. ಎರಡು ಒಂಟಿ ಸೇರಿದರೆ ಜೋಡಿಯಲ್ಲ.’

ಹಿಂದೆ ಬಂದಿದ್ದ ರಾಯರು ಕೊನೆಯ ಸಾಲನ್ನು ಎರಡು ಸಲ ಓದಿದರು. “ಅಯ್ಯೋ, ಇದನ್ನ ಹೇಳದಿದ್ರೆ ನಮ್ಮ ಸಾಫ್ಟ್‌ವೇರು ಎರಡು ಎಡಗಾಲನ್ನೂ ಜೋಡಿ ಅಂತ ಸೇರಿಸಿಬಿಡ್ತಿತ್ತು,” ಎಂದರು. ಅಂದು ಅವರಾಡಿದ ಒಂದೇ ಒಳ್ಳೆಯ ಮಾತು ಅದು.

ನಾನು ಕಾಗದ ನೋಡಿ ಟೈಪ್ ಮಾಡಿದೆ. ಕೆಂಪು ಸಾಲು ಹೋಯಿತು. ಲೇಬಲ್‌ಗಳು ಒಂದರ ಹಿಂದೊಂದು ಬಂದವು, ಮೂವತ್ತಾರು. ಐದಕ್ಕೆ ಹತ್ತು ನಿಮಿಷವಿರುವಾಗ ವ್ಯಾನ್ ಗೇಟು ದಾಟಿತು. ಮ್ಯಾನೇಜರ್ ಸೋಮವಾರದ ಮಾತೆತ್ತಲಿಲ್ಲ. ಉಗ್ರಾಣಕ್ಕೆ ಬಂದು ಬೀರುವಿನ ಬಾಗಿಲ ಕಾಗದಗಳನ್ನು ಓದಿ, “ಇದನ್ನೆಲ್ಲ ಸಿಸ್ಟಮ್‌ಗೆ ಹಾಕಿಸ್ಬೇಕಮ್ಮ, ನೀವೇ ಮುಂದೆ ನಿಂತು,” ಎಂದು ಹೊರಟರು.

ಎದೆಯುಬ್ಬಿ ಬಂತು ನನಗೆ. ನಮ್ಮ ಮನೆಯ ಹೆಣ್ಣು ಇವಳು ಎಂದು ಕಾರ್ಖಾನೆಗೆಲ್ಲ ಕೂಗಿ ಹೇಳಬೇಕೆನಿಸಿತು.

ಹೊಸ ಡೆಫಿನಿಷನ್‌ನ ಕೆಳಗೆ ‘ಬರೆದವರು’ ಎಂಬಲ್ಲಿ ಕಂಪ್ಯೂಟರ್ ತಾನಾಗಿ ನನ್ನ ಹೆಸರು ತುಂಬಿತ್ತು. ಅದನ್ನು ಅಳಿಸಿ ಅತ್ತಿಗೆಯ ಹೆಸರು ಹಾಕಿದೆ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

“ಇದನ್ನೂ ಅಳಿಸಿದ್ಯಾ?”

“ಹೂಂ, ಅತ್ತಿಗೆ. ಈ ಸಲ ನೋಡೇ ಅಳಿಸ್ದೆ.”