ಬೊಜ್ಜದ ನಂತರ ಬಂದವನು

ನಮ್ಮ ಮನೆಯವರಿಗೆ ಬದುಕಿದ್ದವರ ವಿಷಯದಲ್ಲಿ ಊರಗಲ ಬಾಯಿ. ಸತ್ತವರ ಸುದ್ದಿ ತೆಗೆದರೆ ಮಾತ್ರ ಬಾಯಿಗೆ ಬೀಗ. ಹಾಗಾಗಿ ತ್ಯಾಂಪಜ್ಜನ ಕತೆ ನನ್ನ ಕಿವಿಗೆ ಬೀಳಲು ನನಗೆ ಮೂವತ್ತೆಂಟು ತುಂಬಬೇಕಾಯಿತು. ಹೇಳಿದವರು ನನ್ನ ಅಮ್ಮನ ಅಮ್ಮ, ಕುಸುಮಜ್ಜಿ. ವಯಸ್ಸು ಎಂಬತ್ತೆಂಟು, ಕೋಟದಲ್ಲಿ ನನ್ನ ಜೊತೆಗೇ ಇದ್ದಾರೆ.

ತ್ಯಾಂಪ ಎಂದರೆ ಕುಸುಮಜ್ಜಿಯ ಅಜ್ಜಿ ರತ್ನಮ್ಮನ ಅಣ್ಣ. ಕಿರಿಮಂಜೇಶ್ವರದಲ್ಲಿ ಕಳ್ಳು ಇಳಿಸುವ ಮನೆತನ. ಅವನು ಒಂದು ತೆಂಗಿನಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿ, ಕೆಳಗಿಳಿಯದೆ ಅದರ ಮೇಲೇ ನಡೆದುಹೋಗುತ್ತಿದ್ದನಂತೆ. ಅದನ್ನು ಯಾರೋ ಬಿಳಿ ದೊರೆ ನೋಡಿದ. 1884ರಲ್ಲಿ ಇಪ್ಪತ್ತರ ತ್ಯಾಂಪನನ್ನು ಹಡಗು ಹತ್ತಿಸಿ, ಇಂಗ್ಲೆಂಡಿನ ಸರ್ಕಸ್ಸಿಗೆ ಕರೆದೊಯ್ದ. ಆಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ.

ಹನ್ನೆರಡು ವರ್ಷ ಸುದ್ದಿಯಿಲ್ಲದವನು ನಮ್ಮ ಲೆಕ್ಕದಲ್ಲಿ ಸತ್ತವನೇ. ಮನೆಯ ಯಜಮಾನನಾದ, ತ್ಯಾಂಪನ ದೊಡ್ಡಮಾವ ಹುಲ್ಲಿನ ಬೊಂಬೆ ಮಾಡಿಸಿ ಸುಟ್ಟ, ಊರಿಗೆ ಊಟ ಹಾಕಿ ಉತ್ತರಕ್ರಿಯೆಯ ಬೊಜ್ಜವನ್ನೂ ಮುಗಿಸಿದ. ಮರುವರ್ಷ ತ್ಯಾಂಪ ಬಂದ.

"ಕೋಟ್ ಹಾಕ್ಕಂಡ್, ಬೂಟ್ಸ್ ಹಾಕ್ಕಂಡ್ ಅಂಗ್ಳದಗ್ ನಿಂತಿದ್ನಂಬ್ರು," ಎಂದರು ಕುಸುಮಜ್ಜಿ. "ದೊಡ್ಮಾವ ಹೇಳ್ದ, ಬೊಜ್ಜ ಆಯ್ತ್, ಇನ್ ಒಳ್ಗ್ ಕರೂಕಾಗ ಅಂತ್ಳಿ. ರತ್ನಜ್ಜಿ ಅಂಗ್ಳದಗೇ ಎಲೆ ಹಾಕಿ ಬಡ್ಸಿ, ಬಾಗ್ಲ್ ಹಾಕ್ಕಂಡ್ರ್."

"ಉಂಡ್ನಾ?"

"ಉಂಡ. ಅವ್ನೇ ಎಲೆ ತೆಗ್ದ, ಸಗ್ಣಿ ಸಾರ್ಸ್ದ. ಕಡ್ಲ್ ಬದಿಗ್ ಹ್ವಾದ."

ಮತ್ತೆ ಅವನನ್ನು ಯಾರೂ ಕಾಣಲಿಲ್ಲ. ಅಣ್ಣ ಆ ಸಂಜೆಯೇ ಕಡಲಿಗಿಳಿದು ಸತ್ತ, ಇಳಿಸಿದ್ದು ತಾನೇ ಎಂದು ರತ್ನಮ್ಮ ನಂಬಿದರು. ಸಾಯುವ ತನಕ ಕಡಲಿನ ಮೀನು ಮುಟ್ಟಲಿಲ್ಲ.

"ಅಜ್ಜಿ ಕೊಂದದ್ದ್ ಹೌದಾ ಅಲ್ದಾ?" ಎಂದು ಕುಸುಮಜ್ಜಿ ನನ್ನ ಕೈ ಹಿಡಿದರು. "ಅದೊಂದ್ ತಿಳೀದೆ ನಂಗ್ ಸಾಯುಕೆ ಎಡಿತಿಲ್ಲೆ ಹೆಣೆ."

ನಾನು ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಹಳೆಯ ಕಾಗದ ಹುಡುಕುವುದೇ ನನ್ನ ಕೆಲಸ. ಹುಡುಕಲು ಹೊರಟೆ ಎಂದಾಗ ಉಪ್ಪುಂದದಲ್ಲಿರುವ ಅಮ್ಮನ ತಮ್ಮ ಉಮಾನಾಥ ಮಾವ ಫೋನಿನಲ್ಲಿ ನಕ್ಕರು: "ಹ್ವಾಯ್, ಬೊಜ್ಜದ್ ಊಟ ಉಂಡೋರೂ ಸತ್ತ್ ಹ್ವಾಯ್ರ್. ಈಗ ಹುಡ್ಕಿ ಎಂತ ಮಾಡ್ತೆ?" ನನಗೆ ಮೈಯೆಲ್ಲ ಉರಿಯಿತು. ಮಾತು ಮುಗಿಸದೆ ಫೋನ್ ಇಟ್ಟೆ.

ಇಂಗ್ಲೆಂಡಿನ ಗ್ರಂಥಾಲಯಗಳಿಗೆ ಒಂದಾದ ಮೇಲೊಂದು ಇಮೇಲ್ ಬರೆದೆ. ಮೊದಲು ಬಂದದ್ದು 1887ರ ಸರ್ಕಸ್ ಜಾಹೀರಾತು. ಡೇರೆಯೊಳಗೆ ನಲವತ್ತಡಿಯ ಕಂಬ. ಅದನ್ನು ಅಪ್ಪಿ ಹತ್ತುತ್ತಿರುವವನ ಕಾಲಿಗೆ ಮರ ಹತ್ತುವವರ ಹಗ್ಗದ ತಳೆ, ಸೊಂಟದ ಹಿಂದೆ ಕಳ್ಳಿನ ಕತ್ತಿ. ಕೆಳಗೆ 'ಮರದ ಮನುಷ್ಯ ತ್ಯಾಂಪ' ಎಂದಿತ್ತು. ಕುಸುಮಜ್ಜಿ ಚಿತ್ರದ ಮೇಲೆ ಬೆರಳಾಡಿಸಿ, "ಕತ್ತಿ ಕಟ್ಟದ್ದ್ ಸಮ ಇತ್ತ್," ಎಂದರು.

ಆದರೆ ಅದು ಅವನು ಊರಿಗೆ ಬರುವ ಹತ್ತು ವರ್ಷ ಮೊದಲಿನದು. ಬಂದುಹೋದ ಮೇಲಿನದು ಒಂದು ಚೂರೂ ಸಿಗಲಿಲ್ಲ. ಎಂಟು ತಿಂಗಳು ಕಳೆಯುವಷ್ಟರಲ್ಲಿ ಅಜ್ಜಿ ಕೇಳುವುದನ್ನೇ ಬಿಟ್ಟರು. ನನಗೆ ಹೆದರಿಕೆಯಾದದ್ದು ಆಗಲೇ.

ಆಸಾಡಿ ಮಳೆಗಾಲದ ಒಂದು ಮಧ್ಯಾಹ್ನ 1910ರ ಪತ್ರಿಕೆಯೊಂದರ ಪುಟ ಬಂತು. ಅದರಲ್ಲಿ ತ್ಯಾಂಪನ ಹೆಸರು, ಪಕ್ಕದಲ್ಲೇ ತಲೆ ನರೆತ ಅವನ ಫೋಟೋ. ಪೂರ್ತಿ ಓದುವ ತಾಳ್ಮೆ ಯಾರಿಗಿತ್ತು? ಅರ್ಧ ದಿನ ರಜೆ ಹಾಕಿ ಕೋಟದ ಬಸ್ಸು ಹತ್ತಿದೆ.

"ಅಜ್ಜೀ, ಬದ್ಕಿದ್ದ! ಇಲ್ಲಿಂದ ಹ್ವಾಯಿ ಹದಿಮೂರ್ ವರ್ಷ ಆದ್ಮೇಲೂ ಬದ್ಕಿದ್ದ!"

ಕುಸುಮಜ್ಜಿ ಗೋಡೆ ಹಿಡಿದು ಕುಳಿತರು. "ಓದ್," ಎಂದರು.

ಕನ್ನಡ ಮಾಡಿ ಓದತೊಡಗಿದೆ. ತ್ಯಾಂಪ ಈಗ ಕಂಬ ಹತ್ತುವುದಿಲ್ಲ, ಹೊಸಬರಿಗೆ ಕಲಿಸುತ್ತಾನೆ. ಊರಿನಲ್ಲಿ ಯಾರಿದ್ದಾರೆ ಎಂದು ಪತ್ರಿಕೆಯವನು ಕೇಳಿದ್ದಾನೆ. ಅದಕ್ಕೆ ತ್ಯಾಂಪ ಕೊಟ್ಟ ಉತ್ತರ ಕಣ್ಣಿಗೆ ಬಿದ್ದದ್ದೇ ನನ್ನ ನಾಲಿಗೆ ನಿಂತಿತು.

"ಎಂತಕ್ ನಿಲ್ಸ್ದೆ?"

ಆ ಸಾಲು ಹಾರಿಸಿಬಿಡೋಣ ಎನಿಸಿತು. ಅಜ್ಜಿಯ ಮುಖ ನೋಡಿದರೆ ಸುಳ್ಳು ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದೆ. 'ಯಾರೂ ಇಲ್ಲ. ರತ್ನ ಅಂತ ತಂಗಿಯೊಬ್ಬಳಿದ್ದಳು. ಬಾಗಿಲು ಹಾಕಿಕೊಂಡಳು. ಅವಳಿಂದ ಏನಾದರೂ ಸುದ್ದಿ ಬಂದೀತೆಂದು ಹನ್ನೆರಡು ವರ್ಷ ಕಾದೆ. ಹೋದ ವರ್ಷ ಹುಲ್ಲಿನ ಬೊಂಬೆ ಮಾಡಿ ಸುಟ್ಟು, ನಮ್ಮ ಕ್ರಮದಂತೆ ಅವಳ ಉತ್ತರಕ್ರಿಯೆ ಮುಗಿಸಿದೆ.'

ಇಲ್ಲಿ ಮೀನು ಬಿಟ್ಟು ಕೊರಗುತ್ತಿದ್ದವಳನ್ನು ಅವನು ಅಲ್ಲಿ ಸುಟ್ಟಿದ್ದ. ನನಗೆ ತ್ಯಾಂಪಜ್ಜನ ಮೇಲೆ ಹೇಸಿಗೆಯೇ ಬಂತು.

"ಸೇಡ್ ತೀರ್ಸ್ಕಂಡ, ಅಜ್ಜೀ," ಎಂದೆ.

ಕುಸುಮಜ್ಜಿ ತಲೆ ಅಲ್ಲಾಡಿಸಿದರು.

"ಸೇಡಲ್ಲ ಹೆಣೆ. ಬೊಜ್ಜ ಮಾಡಿರ್ ಅಲ್ಲಿಗ್ ಮುಗಿತಿಲ್ಲೆ. ವರ್ಷ ವರ್ಷ ಎಲೆ ಹಾಕಿ, ಹೆಸ್ರ್ ಹಿಡ್ದ್ ಕರೀಕ್. ಅಜ್ಜಿ ಇಲ್ಲ್ ಕರೀತಿದ್ರ್, ತ್ಯಾಂಪಣ್ಣಾ ಉಂಬುಕ್ ಬಾ ಅಂತ್ಳಿ. ನಾ ಕಣ್ಣಾರೆ ಕಂಡಿದೆ. ಹಂಗಾರೆ ಅವ್ನೂ ಅಲ್ಲ್ ಕರ್ದಿರ್ಕಲೆ, ರತ್ನಾ ಉಂಬುಕ್ ಬಾ ಅಂತ್ಳಿ. ಇಬ್ರೂ ಜೀವಂತ ಇದ್ರ್ ಹೆಣೆ. ಒಬ್ರಿಗೊಬ್ರ್ ಬಡ್ಸಿಟ್ಟ್, ಕಾಯ್ತಾ ಕೂಕಂಡಿದ್ರ್."

ಕುಸುಮಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ.