ಹೃದಯಕ್ಕೆ ತೊಡಿಸಿದ ಅಂಗಿ

ಅಕ್ಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ತಂಗಿ ರಬ್ಬರಿನಲ್ಲಿ ಪ್ರಾಣಿಗಳನ್ನು ಮಾಡುತ್ತಿದ್ದಳು. ಮನೆಗೆ ಹೊಸಬರು ಯಾರಾದರೂ ಬಂದರೆ ಅಕ್ಕನ ಪರಿಚಯದ ಮಾತು ಯಾವಾಗಲೂ ಒಂದೇ. "ನಾನು ಮನುಷ್ಯರಿಗೆ ಗಾಡಿ ಓಡಿಸೋದು ಕಲಿಸ್ತೀನಿ. ಇವಳು ರಬ್ಬರ್‌ಗೆ ಈಜು ಕಲಿಸ್ತಾಳೆ. ನಮ್ಮಿಬ್ಬರಲ್ಲಿ ಯಾರಿಗೆ ತಲೆ ಕೆಟ್ಟಿದೆ, ನೀವೇ ಹೇಳಿ."

ತಂಗಿ ನಗುತ್ತಿದ್ದಳು. ಅಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಂಶೋಧನಾ ಕೇಂದ್ರಕ್ಕೆ ಸೇರಿದಾಗ ಅವಳದು ಲೋಹದ ಕೈಗಳನ್ನು ಮಾಡುವ ಕೆಲಸ. ಒಂದು ದಿನ ಪಕ್ಕದ ಜೀವಶಾಸ್ತ್ರ ವಿಭಾಗದಿಂದ ಏನೋ ಉಪಕರಣ ಕೇಳಿ ತರಲು ಹೋದವಳು ಅಲ್ಲಿನ ಗಾಜಿನ ತೊಟ್ಟಿಯ ಮುಂದೆ ನಿಂತುಬಿಟ್ಟಳು. ಒಳಗೆ ಜೆಲ್ಲಿ ಮೀನೊಂದು ಕೊಡೆಯ ಹಾಗೆ ಮುಚ್ಚುತ್ತ, ಬಿಚ್ಚುತ್ತ ಮೇಲೇರುತ್ತಿತ್ತು. ಮೂಳೆಯಿಲ್ಲ, ಕೀಲಿಲ್ಲ, ಬಿಗಿದ ತಿರುಪು ಒಂದೂ ಇಲ್ಲ. ಆದರೂ ಅಷ್ಟು ನೀರನ್ನು ತಳ್ಳಿಕೊಂಡು ಹೋಗುತ್ತಿತ್ತು. ಉಪಕರಣದ ಮಾತು ಅವಳಿಗೆ ನೆನಪೇ ಆಗಲಿಲ್ಲ. ಅಂದಿನಿಂದ ಲೋಹ ಬಿಟ್ಟಳು. ಸಿಲಿಕಾನ್ ರಬ್ಬರನ್ನು ಕಲಸಿ ಅಚ್ಚಿಗೆ ಹುಯ್ಯುವುದು, ಅದರೊಳಗೆ ಕೂದಲೆಳೆಯಷ್ಟು ಸಣ್ಣ ಗಾಳಿದಾರಿಗಳನ್ನು ಬಿಡುವುದು, ಗಾಳಿ ತುಂಬಿದಾಗ ಅದು ಯಾವ ಕಡೆ ಬಾಗುತ್ತದೆ ಎಂದು ನೋಡುವುದು. ಸಹೋದ್ಯೋಗಿಗಳು ಅವಳಿಗೆ ‘ಜೆಲ್ಲಿ ಮೇಡಂ’ ಎಂದು ಹೆಸರಿಟ್ಟರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದವರು ಆಮೇಲೆ ಎದುರಿಗೇ ಕರೆಯತೊಡಗಿದರು.

ಅವಳ ರಬ್ಬರ್ ಜೆಲ್ಲಿ ಈಜಿತು. ಪತ್ರಿಕೆಗಳಲ್ಲಿ ಫೋಟೋ ಬಂತು. ನೋಡಿದವರೆಲ್ಲ ಬಾಯಿ ತುಂಬ ಹೊಗಳಿ, ಕೊನೆಗೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: "ಇದರಿಂದ ಏನು ಉಪಯೋಗ?" ಅವಳ ಹತ್ತಿರ ಉತ್ತರವಿರಲಿಲ್ಲ. ಮದುವೆ ಆಗಲಿಲ್ಲ, ತಲೆ ನರೆಯಿತು, ಜೊತೆಗಿದ್ದವರು ದೊಡ್ಡ ದೊಡ್ಡ ಕುರ್ಚಿಗಳಲ್ಲಿ ಕೂತರು. ಅವಳು ಮಾತ್ರ ನೆಲಮಾಳಿಗೆಯಲ್ಲಿ ತೊಟ್ಟಿಯ ನೀರು ಬದಲಾಯಿಸುತ್ತ ಉಳಿದಳು.

ಉತ್ತರ ತಂದವರು ಒಬ್ಬ ಹೃದಯದ ಡಾಕ್ಟರು. ಶಸ್ತ್ರಚಿಕಿತ್ಸೆ ಮಾಡುವವರು, ಮಾತು ಕಡಿಮೆ. ತೊಟ್ಟಿಯ ಮುಂದೆ ಬಹಳ ಹೊತ್ತು ಕೂತು ನೋಡಿ, "ಮೇಡಂ, ನಾನು ದಿನಾ ನೋಡೋದೂ ಇದನ್ನೇ" ಎಂದರು. "ಹೃದಯ ಹಿಂಡೋದೂ ಹೀಗೇ, ಸ್ವಲ್ಪ ತಿರುಚಿಕೊಂಡು. ಸುಸ್ತಾದ ಹೃದಯಕ್ಕೆ ಹೊರಗಿನಿಂದ ಇಂಥದ್ದೊಂದು ತೊಡಿಸಿದರೆ? ಜೊತೆಜೊತೆಗೆ ಹಿಂಡೋ ಹಾಗೆ?"

ಮುಂದಿನ ಹಲವು ವರ್ಷ ಅವಳು ಅದೊಂದೇ ಕೆಲಸ ಮಾಡಿದಳು. ಹೃದಯದ ಸುತ್ತ ಕೂರುವ ಮೆತ್ತನೆಯ ಚೀಲ. ಅದರ ಗೋಡೆಯಲ್ಲಿ ಓರೆಯಾಗಿ ಸುತ್ತಿದ ಗಾಳಿದಾರಿಗಳು. ಸೊಂಟಕ್ಕೆ ಕಟ್ಟಿಕೊಳ್ಳುವ ಪಂಪು. ಕುರಿಗಳ ಮೇಲೆ ಪ್ರಯೋಗ ನಡೆಯಿತು. ಚೀಲ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಕೆಲವು ವಾರಗಳಾದ ಮೇಲೆ ಕುರಿಗಳನ್ನು ಕೊಂದು ಹೃದಯ ತೆಗೆದು ನೋಡಲೇಬೇಕು. ಪ್ರತಿ ಸಲವೂ ಅವಳು ಹೋಗಿ ಕುರಿಯ ಕಿವಿ ಸವರುತ್ತ ನಿಲ್ಲುತ್ತಿದ್ದಳು. ಅದನ್ನು ಕಲಿಸಿಕೊಟ್ಟವರು ಯಾರೂ ಇಲ್ಲ. ಸುಮ್ಮನೆ ನಿಲ್ಲಲು ಅವಳಿಂದ ಆಗುತ್ತಿರಲಿಲ್ಲ.

ಮನುಷ್ಯರ ಮೇಲೆ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕ ವರ್ಷವೇ ಅಕ್ಕನಿಗೆ ಜ್ವರ ಬಂತು. ಸಾಮಾನ್ಯ ಜ್ವರ ಎಂದುಕೊಂಡರು. ಜ್ವರ ಹೋಯಿತು, ಸುಸ್ತು ಹೋಗಲಿಲ್ಲ. ಕಾರಿನಿಂದ ಇಳಿದು ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಗೋಡೆ ಹಿಡಿಯುವ ಹಾಗಾಯಿತು. ಕಾಲು ಊದಿಕೊಂಡವು. ಹೃದಯದ ಸ್ನಾಯುವೇ ಸೋತಿದೆ, ಬೇರೆಯವರ ಹೃದಯ ಹಾಕಿದರೆ ಈ ಮೈ ಒಪ್ಪುವುದಿಲ್ಲ ಎಂದು ಪರೀಕ್ಷೆಗಳು ಹೇಳಿದವು.

ತಂಗಿ ಬಾಯಿ ಬಿಡುವ ಮೊದಲೇ ಅಕ್ಕ ಕೇಳಿದಳು. "ನಿನ್ನ ಆ ಅಂಗಿ ನನಗೆ ಆಗುತ್ತೇನೇ?"

"ಅಕ್ಕ, ಅದನ್ನ ಇನ್ನೂ ಯಾರಿಗೂ ಹಾಕಿಲ್ಲ. ಕುರಿ ಬಿಟ್ಟರೆ."

"ಮೊದಲನೇ ಸಲ ಗಾಡಿ ಓಡಿಸೋರ ಪಕ್ಕ ಕೂತು ಕೂತೇ ನನ್ನ ಆಯಸ್ಸೆಲ್ಲ ಕಳೆದಿದೆ ಕಣೇ. ಇದೊಂದು ಹೆಚ್ಚಾಯ್ತಾ?"

ಭಾವ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಗಡಿಯಾರ ರಿಪೇರಿ ಮಾಡುವ ಮನುಷ್ಯ, ಮೆಲುದನಿ. "ನೀನು ಮಾಡಿದ್ದು ಅಂದಮೇಲೆ ನನಗೆ ಭಯವಿಲ್ಲ" ಎಂದರು.

ರೋಗಿಯ ಒಡಹುಟ್ಟಿದವಳು ತಂಡದಲ್ಲಿ ಇರಕೂಡದು ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದರು. ಹಾಗಾಗಿ ತನ್ನ ಜೀವಮಾನದ ಕೆಲಸ ಮೊದಲ ಬಾರಿಗೆ ಮನುಷ್ಯರೊಬ್ಬರ ಎದೆ ಸೇರುವಾಗ ತಂಗಿ ಹೊರಗಿನ ಬೆಂಚಿನಲ್ಲಿ, ಭಾವನ ಪಕ್ಕ ಕೂತಿದ್ದಳು. ಡಾಕ್ಟರು ಹೊರಗೆ ಬಂದು ಮುಖಗವಸು ಇಳಿಸಿ, "ಹಿಂಡ್ತಾ ಇದೆ" ಎಂದರು. ಭಾವ ಅವಳ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು.

ಮೊದಲ ಎರಡು ತಿಂಗಳು ಅಕ್ಕ ಹೊಸ ಮನುಷ್ಯಳಾದಳು. ಮೆಟ್ಟಿಲು ಹತ್ತಿದಳು, ತರಕಾರಿಯವನ ಜೊತೆ ಜಗಳ ಆಡಿದಳು. ಸೊಂಟದ ಪಂಪು ಟುಸ್ ಟುಸ್ ಎನ್ನುತ್ತಿತ್ತು. "ಇದು ನಿಮ್ಮ ಭಾವನಿಗಿಂತ ವಾಸಿ. ನಾನು ಮಾತಾಡಿದ್ದಕ್ಕೆಲ್ಲ ಉತ್ತರ ಕೊಡುತ್ತೆ" ಎನ್ನುತ್ತಿದ್ದಳು. ಸಂಶೋಧನಾ ಕೇಂದ್ರದವರು ಅಕ್ಕನನ್ನು ವೇದಿಕೆಗೆ ಕರೆಸಿದರು. ಅಲ್ಲಿ ಅವಳು ಮೈಕ್ ಹಿಡಿದು, "ಜೆಲ್ಲಿ ಮೇಡಂ ನನ್ನ ತಂಗಿ. ಗಾಡಿ ಓಡಿಸಕ್ಕೆ ಮಾತ್ರ ಇವತ್ತಿಗೂ ಬರಲ್ಲ" ಎಂದು ಎಲ್ಲರನ್ನೂ ನಗಿಸಿದಳು.

ಮೂರನೆಯ ತಿಂಗಳ ಸ್ಕ್ಯಾನಿನಲ್ಲಿ ಅಂಗಿಯ ಅಂಚಿಗೆ ತೆಳ್ಳಗೆ ಬಿಳಿಯ ಗೆರೆ ಕಂಡಿತು. ತಂಗಿಯ ಕಣ್ಣು ನೇರವಾಗಿ ಅಲ್ಲಿಗೇ ಹೋಯಿತು. ಮೈಯೊಳಗೆ ಹೊಕ್ಕ ಹೊರಗಿನ ವಸ್ತುವಿನ ಸುತ್ತ ದೇಹ ನಾರಿನ ಗೋಡೆ ಕಟ್ಟುತ್ತದೆ. ಅದು ಅವಳಿಗೆ ಗೊತ್ತಿತ್ತು. ಕುರಿಗಳಲ್ಲಿಯೂ ಶುರುವಾಗಿತ್ತು, ಆದರೆ ಅವು ಅಷ್ಟು ದಿನ ಬದುಕಿರಲಿಲ್ಲ. ಗೋಡೆ ಎಲ್ಲಿಯವರೆಗೆ ಬೆಳೆಯುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ.

"ಏನೇ ಅದು?" ಅಕ್ಕ ಕೇಳಿದಳು.

"ಸ್ವಲ್ಪ ಊತ. ಇಳಿಯುತ್ತೆ."

ಇಳಿಯಲಿಲ್ಲ. ಗೆರೆ ದಪ್ಪವಾಯಿತು, ಸುತ್ತುವರಿಯಿತು. ಇಷ್ಟು ವರ್ಷ ಮೃದುವಾಗಿರಲಿ, ಇನ್ನೂ ಮೃದುವಾಗಿರಲಿ ಎಂದು ಕಲಸಿ ಕಲಸಿ ಮಾಡಿದ ರಬ್ಬರಿನ ಮೇಲೆ ಅಕ್ಕನ ಮೈ ಗಟ್ಟಿ ಚಿಪ್ಪು ಬೆಳೆಸುತ್ತಿತ್ತು. ಅಂಗಿ ಹಿಂಡುತ್ತಿತ್ತು, ಆದರೆ ಬಿಡುತ್ತಿರಲಿಲ್ಲ. ಹೃದಯಕ್ಕೆ ಹಿಗ್ಗಿ ರಕ್ತ ತುಂಬಿಕೊಳ್ಳಲು ಜಾಗವಿಲ್ಲದಾಯಿತು. ತಂಗಿ ಲ್ಯಾಬಿನಲ್ಲಿ ಅಂಥದೇ ಅಂಗಿಯ ಮೇಲೆ ಗಟ್ಟಿ ಪದರ ಹಚ್ಚಿ, ಪಂಪಿನ ಒತ್ತಡ ಏರಿಸಿ ಇಳಿಸಿ ನೋಡಿದಳು. ಅವಳು ಲೆಕ್ಕ ಹಾಕಿ ಡಾಕ್ಟರಿಗೆ ಕೊಟ್ಟ ಹೊಸ ಒತ್ತಡದಿಂದ ಅಕ್ಕನಿಗೆ ಒಂದು ವಾರ ಆರಾಮವೆನಿಸಿತು. ಆಮೇಲೆ ಮತ್ತೆ ಕಾಲು ಊದಿತು.

ಡಾಕ್ಟರು ಅವಳನ್ನು ತಮ್ಮ ಕೋಣೆಗೆ ಕರೆದರು. "ಬಿಡಿಸಕ್ಕೆ ಹೋದರೆ ಹೃದಯದ ಗೋಡೆಯೇ ಕಿತ್ತುಬರಬಹುದು. ನಾನು ಪ್ರಯತ್ನ ಮಾಡ್ತೀನಿ. ಆದರೆ ಆಸೆ ಇಟ್ಟುಕೋಬೇಡಿ."

ಮಾರನೆಯ ದಿನ ಮಧ್ಯಾಹ್ನ ಅಕ್ಕ, ಭಾವನನ್ನು ಔಷಧಿ ಅಂಗಡಿಗೆ ಕಳಿಸಿ, ತಂಗಿಯ ಕೈಗೆ ಕಾರಿನ ಕೀಲಿ ಕೊಟ್ಟಳು. "ನಡಿ. ಒಂದು ಸುತ್ತು ಹೋಗಿಬರೋಣ."

"ನನಗೆ ಬರಲ್ಲ ಅಂತ ನಿನಗೆ ಗೊತ್ತಲ್ಲ ಅಕ್ಕ."

"ಊರಿಗೆಲ್ಲ ಕಲಿಸಿದೀನಿ, ಮನೇಲಿರೋ ಒಬ್ಬಳಿಗೆ ಕಲಿಸದೆ ಹೋಗಲಾ? ಕೂತ್ಕೋ."

ಕಾರು ಎರಡು ಸಲ ಉಸಿರುಗಟ್ಟಿ ನಿಂತಿತು. "ಕ್ಲಚ್ಚನ್ನ ಒದೀಬೇಡ್ವೇ, ಮೆಲ್ಲಗೆ ಬಿಡು" ಎಂದು ಅಕ್ಕ ಏದುಸಿರಿನಲ್ಲೇ ಗದರಿದಳು. ಗೋದಾಮುಗಳ ಹಿಂದಿನ ಖಾಲಿ ರಸ್ತೆಗೆ ಬಂದಾಗ ನಿಲ್ಲಿಸು ಎಂದಳು. ಎಂಜಿನ್ ಆರಿದ ಮೇಲೆ ಪಂಪಿನ ಸದ್ದು ಕೇಳಿಸತೊಡಗಿತು.

"ಈಗ ಹೇಳು. ಡಾಕ್ಟರ ಮಾತು ಬೇಡ, ನಿನ್ನ ಮಾತು. ಆಪರೇಷನ್ ಮಾಡಿಸ್ಕೊಂಡರೆ ಉಳೀತೀನಾ?"

ತಂಗಿ ಸ್ಟೇರಿಂಗ್ ಹಿಡಿದೇ ಕೂತಿದ್ದಳು. "ಇಲ್ಲ ಅಕ್ಕ. ಟೇಬಲ್ ಮೇಲೇ ಹೋಗ್ತೀಯ."

"ಊತ ಅಂದಿದ್ದೆಯಲ್ಲ, ಆವತ್ತೇ ಗೊತ್ತಿತ್ತಾ?"

"ಅನುಮಾನ ಇತ್ತು."

"ನಿನ್ನ ಮುಖ ನೋಡಿದಾಗಲೇ ನನಗೂ ಬಂತು." ಅಕ್ಕ ಕಿಟಕಿಯ ಗಾಜು ಇಳಿಸಿದಳು. ಸ್ವಲ್ಪ ಹೊತ್ತು ಉಸಿರಿಗೆ ಒದ್ದಾಡಿದಳು. "ಹಾಗಾದರೆ ಕೊಯ್ಯೋದು ಬೇಡ. ಪಂಪು ನಿಲ್ಲಿಸಿಬಿಡಿ. ನಾನು ಹೋದಮೇಲೆ ಅದನ್ನ ಹೃದಯದ ಸಮೇತ ತೆಗೆದು ನೋಡು. ಎಲ್ಲಿ ಎಡವಟ್ಟಾಯ್ತು ಅಂತ ನೋಡು. ಡಾಕ್ಟರಿಗೂ ಹೇಳಿದೀನಿ."

"ಭಾವನಿಗೆ?"

"ಅವರು ಅಳ್ತಾರೆ ಕಣೇ. ನನ್ನ ಕೈಲಿ ನೋಡಕ್ಕಾಗಲ್ಲ. ನೀನೇ ಹೇಳು."

ಹೇಳುತ್ತೇನೆ ಎಂದು ತಂಗಿ ಮಾತು ಕೊಟ್ಟಳು. ಪಂಪು ನಿಲ್ಲಿಸುವುದನ್ನು ಡಾಕ್ಟರೇ ಭಾವನಿಗೆ ತಿಳಿಸಿದರು; ಹೃದಯ ತೆಗೆಯುವ ಮಾತನ್ನು ಅವಳು ಹೇಳಲಿಲ್ಲ. ಅಡುಗೆಮನೆಯಲ್ಲಿ ಗಂಜಿ ಕಾಸುತ್ತಿದ್ದ ಭಾವನ ಹಿಂದೆ ಎಷ್ಟೋ ಸಲ ಹೋಗಿ ನಿಂತಳು. ಅವರು ತಿರುಗಿ, "ಏನಮ್ಮ?" ಎಂದಾಗಲೆಲ್ಲ, ನೀರು ಬೇಕಿತ್ತು ಎಂದು ಲೋಟ ಎತ್ತಿಕೊಂಡು ಬಂದಳು.

ಪಂಪು ನಿಲ್ಲಿಸಿದ್ದು ಆಸ್ಪತ್ರೆಯಲ್ಲಿ, ಬಿಸಿಲು ತುಂಬಿದ ಒಂದು ಬೆಳಿಗ್ಗೆ. ನಿದ್ದೆ ಬರಿಸುವ ಔಷಧಿ ಕೊಡುವ ಮೊದಲು ಅಕ್ಕ, ಗಂಡನ ಅಂಗಿಯ ಗುಂಡಿ ತಪ್ಪಾಗಿ ಹಾಕಿದ್ದನ್ನು ಸರಿ ಮಾಡಿದಳು. ಡಾಕ್ಟರು ಪಂಪಿನ ಗುಂಡಿ ಒತ್ತಲು ಬಂದಾಗ ಬೇಡವೆಂದು ತಲೆಯಾಡಿಸಿ ತಂಗಿಯ ಕಡೆ ನೋಡಿದಳು. ಡಾಕ್ಟರು ಕ್ಷಣ ತಡೆದು, ಸರಿದು ಜಾಗ ಬಿಟ್ಟರು. ಅಕ್ಕನ ಕಣ್ಣು ಮುಚ್ಚಿದ ಮೇಲೆ ತಂಗಿ ಒತ್ತಿದಳು.

ಟುಸ್ ಎನ್ನುವುದು ನಿಂತಿತು. ಆದರೆ ಹೃದಯ ನಿಲ್ಲಲಿಲ್ಲ. ಚಿಪ್ಪಿನೊಳಗೆ, ತನ್ನ ಪಾಡಿಗೆ, ಎಡವುತ್ತ ತೊಡರುತ್ತ ಬಡಿದುಕೊಳ್ಳುತ್ತಲೇ ಇತ್ತು. ಭಾವ ಪರದೆಯ ಮೇಲಿನ ಗೆರೆ ನೋಡಿ, "ನಡೀತಾ ಇದೆ, ನೋಡು, ನಡೀತಾ ಇದೆ! ಮತ್ತೆ ಹಾಕು!" ಎಂದು ಕೂಗಿದರು. ಅವರು ದನಿಯೆತ್ತಿದ್ದನ್ನು ತಂಗಿ ಅಲ್ಲಿಯವರೆಗೆ ಕೇಳಿರಲಿಲ್ಲ. ಅವಳು ಮತ್ತೆ ಹಾಕಲಿಲ್ಲ. ಅಕ್ಕನ ಕಿವಿಯ ಹಿಂದೆ ಕೈಯಿಟ್ಟು ಸವರುತ್ತ ನಿಂತಳು. ಏನು ಮಾಡುತ್ತಿದ್ದೇನೆಂದು ಅರಿವಾದಾಗ ಕೈ ತೆಗೆಯಬೇಕೆನಿಸಿತು. ತೆಗೆಯಲಿಲ್ಲ. ಗೆರೆ ನೇರವಾಗುವ ಹೊತ್ತಿಗೆ ಬಿಸಿಲು ಹಾಸಿಗೆಯಿಂದ ಗೋಡೆಗೆ ಸರಿದಿತ್ತು.

ಆಮೇಲೆ, ಹೊರಗಿನ ಪಡಸಾಲೆಯಲ್ಲಿ, ಹೇಳಲೇಬೇಕಾಯಿತು.

"ಹೃದಯ ತೆಗೀತೀರಾ?" ಭಾವ ಅವಳನ್ನು ಗುರುತು ಸಿಗದವರ ಹಾಗೆ ನೋಡಿದರು. "ನನ್ನ ಹೆಂಡತೀನ ಇಡಿಯಾಗಿ ಕೊಡು. ಅಷ್ಟೇ ನಾನು ಕೇಳೋದು."

"ಅಕ್ಕನೇ ಹೇಳಿದ್ದು ಭಾವ. ನಾನು ನಿಮಗೆ ಮೊದಲೇ ಹೇಳಬೇಕಿತ್ತು."

"ಈಗ ಹೇಳ್ತಾ ಇದೀಯಲ್ಲ, ಅವಳು ಇಲ್ಲ ಅನ್ನಕ್ಕಾಗದೆ ಇರೋವಾಗ."

ಡಾಕ್ಟರು ಬಂದು, ಅಕ್ಕ ತಮ್ಮ ಹತ್ತಿರವೂ ಹಾಗೆಯೇ ಹೇಳಿದ್ದಳು ಎಂದರು. ಹೃದಯ ತೆಗೆದಿಟ್ಟುಕೊಂಡು ದೇಹ ಕೊಟ್ಟರು. ಮಣ್ಣು ಮಾಡುವ ದಿನ ತಂಗಿ ಪಕ್ಕಕ್ಕೆ ಬಂದು ನಿಂತರೆ ಭಾವ ಎರಡು ಹೆಜ್ಜೆ ಆಚೆ ಸರಿದರು. ಅಲ್ಲಿಂದಾಚೆ ಅವಳ ಫೋನ್ ಎತ್ತಲಿಲ್ಲ.

ತಂಗಿ ಲ್ಯಾಬಿಗೆ ಹೋದಳು. ಬೇರೆ ಯಾರ ಕೈಗೂ ಕೊಡದೆ ತಾನೇ ಕೂತು ನೋಡಿದಳು. ಅಂಗಿಯನ್ನು ಹೃದಯಕ್ಕೆ ಬಿಗಿಯಾಗಿ ಹೊಲಿದಿದ್ದ ಕಡೆ ನಾರು ತೆಳ್ಳಗಿತ್ತು. ಸಡಿಲವಿದ್ದ ಕಡೆ, ರಬ್ಬರು ಪ್ರತಿ ಬಡಿತಕ್ಕೂ ಹೃದಯದ ಮೇಲೆ ಒಂದಿಷ್ಟು ಜಾರಿ ಉಜ್ಜುತ್ತಿದ್ದ ಕಡೆ, ದಪ್ಪವಾಗಿತ್ತು. ಉಜ್ಜಾಟವೇ ಮೂಲ. ಅಂಗಿಯ ಒಳಮೈಗೆ, ಹೃದಯಕ್ಕೆ ಅಂಟಿಕೊಂಡು ಜೊತೆಗೇ ಚಲಿಸುವ ಪದರವೊಂದನ್ನು ಸೇರಿಸಿದಳು. ಹೊಸ ಅಂಗಿ ತೊಟ್ಟ ಎರಡನೆಯ ರೋಗಿ, ಒಬ್ಬ ಬಡಗಿ, ವರ್ಷ ಕಳೆದರೂ ಕೆಲಸಕ್ಕೆ ಹೋಗುತ್ತಿದ್ದ. ಪತ್ರಿಕೆಗಳಲ್ಲಿ ಮತ್ತೆ ಅವಳ ಫೋಟೋ ಬಂತು. ಈ ಸಲ ಯಾರೂ ಏನು ಉಪಯೋಗ ಎಂದು ಕೇಳಲಿಲ್ಲ.

ಆ ಸುದ್ದಿ ಬಂದ ವಾರವೇ ಭಾವ ಮಹಡಿಯ ಲ್ಯಾಬಿನ ಬಾಗಿಲಲ್ಲಿ ಕಾಣಿಸಿಕೊಂಡರು. ತುಂಬ ಇಳಿದುಹೋಗಿದ್ದರು. ಕೈಯಲ್ಲಿ ಮರದ ಪುಟ್ಟ ಪೆಟ್ಟಿಗೆ. ಒಳಗೆ ಬಿಳಿ ಬಟ್ಟೆ ಹಾಸಿತ್ತು.

"ನಿನ್ನ ಕೆಲಸ ಮುಗೀತಲ್ಲ. ಈಗ ಕೊಡು. ಅವಳ ಪಕ್ಕದಲ್ಲೇ ಇಟ್ಟುಬರ್ತೀನಿ."

ತಂಗಿ ಎದ್ದುನಿಂತಳು. ಈ ಮಾತು ಒಂದು ದಿನ ಬರುತ್ತದೆ ಎಂದು ಅವಳು ಯೋಚಿಸಿಯೇ ಇರಲಿಲ್ಲ. "ಭಾವ, ಅದು… ಇಡಿಯಾಗಿ ಇಲ್ಲ."

"ಅಂದರೆ?"

"ಒಳಗಡೆ ನೋಡಬೇಕಾದರೆ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಇಡಬೇಕು. ಪೂರ್ತಿ ಹಾಗೆ ಕೊಯ್ದಿಟ್ಟಿದೀನಿ. ಉಳಿದಿಲ್ಲ."

ಭಾವ ಪೆಟ್ಟಿಗೆಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಅವರು ಬೈಯಲಿ ಎಂದು ಅವಳು ಕಾದಳು.

"ತೋರಿಸು" ಎಂದರು.

ಅವಳು ಒಂದು ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಭಾವ ಕನ್ನಡಕ ತೆಗೆದು ಬಾಗಿದರು. ಗಡಿಯಾರದ ಕೆಲಸ ಮಾಡಿದ ಕಣ್ಣು; ತಿರುಗಣೆಯನ್ನು ತಾವೇ ತಿರುಗಿಸಿ ಸರಿ ಮಾಡಿಕೊಂಡರು. ಗುಲಾಬಿ ಬಣ್ಣದ ಎಳೆಗಳು, ನಡುವೆ ನಾರಿನ ನೀಲಿ ಪಟ್ಟಿ.

"ಇದು ಯಾವ ಕಡೆಯದು?"

"ಎಡಗಡೆಯದು."

"ನೀಲಿ ಇರೋದು?"

"ಅದೇ ಬೆಳೆದಿದ್ದು."

ಅವರು ಬಹಳ ಹೊತ್ತು ನೋಡಿದರು. ಆಮೇಲೆ ನೆಟ್ಟಗಾಗಿ, ಕನ್ನಡಕ ಹಾಕಿಕೊಂಡು, ಖಾಲಿ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡರು. ಬೇಕಾದರೆ ಗಾಜುಗಳನ್ನೇ ಕೊಡುತ್ತೇನೆ ಎಂದು ತಂಗಿ ಹೇಳಿದಳು.

"ಗಾಜನ್ನ ಹೂಳೋದು ಹೇಗಮ್ಮ?" ಎಂದರು ಭಾವ. ಕೋಪವಿರಲಿಲ್ಲ, ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಿದರು. ಅವರು ಮೆಟ್ಟಿಲಿಳಿದು, ಗೇಟಿನ ಹತ್ತಿರ ಯಾವ ಕಡೆ ತಿರುಗಬೇಕೆಂದು ತಿಳಿಯದವರಂತೆ ನಿಂತು, ಬಸ್ಸು ನಿಲ್ಲುವ ಕಡೆಗೆ ನಡೆದರು. ತಂಗಿ ಕಿಟಕಿಯಿಂದ ನೋಡುತ್ತಿದ್ದಳು. ಕೆಳಗಿನಿಂದ ಯಾರೋ, "ಜೆಲ್ಲಿ ಮೇಡಂ, ಕುರಿ ಬಂದಿದೆ" ಎಂದು ಕೂಗಿದರು. ಬಂದೆ ಎಂದಳು.