ಮೊದಲ ಬಾಗಿನ

ಮದ್ದೂರಿನ ಅಂಚಿನ ಮಾಯಮ್ಮನ ಕೆರೆ ತುಂಬಿ ಕೋಡಿ ಬಿದ್ದಾಗಲೆಲ್ಲ ಗಂಗಮ್ಮನಿಗೆ ಮೊದಲ ಬಾಗಿನ ಬಿಡುವವಳು ನಾಗರತ್ನ. ಅತ್ತೆಯಿಂದ ಬಂದ ಮರ್ಯಾದೆ ಅದು. ಸುತ್ತಲಿನ ಗದ್ದೆ ಹೋಗಿ ನಾಲ್ಕು ದಿಕ್ಕಿಗೂ ಮನೆಗಳೆದ್ದವು. ಆದರೂ ಇಪ್ಪತ್ತಾರು ವರ್ಷ ಆ ಮೊದಲ ಮೊರಕ್ಕೆ ಬೇರೆಯವರ ಕೈ ತಾಗಿರಲಿಲ್ಲ.

ಈ ಸಲ ಬಡಾವಣೆ ಸಂಘದ ಜಯಲಕ್ಷ್ಮಮ್ಮ ಮನೆ ಬಾಗಿಲಿಗೇ ಬಂದು ಹೇಳಿದರು: "ನಾಳೀಕೆ ಬಾಗ್ನಾವ ಕವಿತನ ಕೈಲಿ ಬುಡ್ಸಾಣ ಅಂತ ಮಾಡೀವಿ ಕಣಮ್ಮ. ಮೋರಿ ನೀರು ಕೆರೆಗೆ ಬರ್ದಂಗೆ ಮಾಡ್ಸಿದ್ದು ಅವ್ಳೇ ತಾನೆ? ನೀನು ಆರ್ತಿ ತಟ್ಟೆ ಇಡ್ಕಂಡು ಪಕ್ಕದಲ್ಲಿ ನಿಂತ್ಕೊ."

ಪಕ್ಕದಲ್ಲಂತೆ! ಬೆಸಗರಹಳ್ಳಿಯಿಂದ ಬಂದ ಕವಿತ ಆಚೆ ದಡದಲ್ಲಿ ಮನೆ ಕಟ್ಟಿ ನಾಲ್ಕು ವರ್ಷವಾಗಿಲ್ಲ. ಎರಡು ವರ್ಷ ಕಚೇರಿಗಳಿಗೆ ಅಲೆದು ಮೋರಿ ತಿರುಗಿಸಿದ್ದು ನಿಜ. ಕೆರೆಯೀಗ ನಾರುವುದಿಲ್ಲ, ಅದೂ ನಿಜ. ನಿಜವಾದ್ದರಿಂದಲೇ ಸಂಕಟ ಹೆಚ್ಚು. ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆದು ಅವಳು ಕೊಟ್ಟಿದ್ದ ಹಸಿರು ರವಿಕೆ ಕಣವನ್ನು ನಾಗರತ್ನ ಬಿಚ್ಚಿಯೂ ನೋಡದೆ ಬೀರುವಿನ ತಳಕ್ಕೆ ತುರುಕಿದ್ದಳು.

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಎದ್ದು ಎರಡು ಮೊರಕ್ಕೆ ಅರಿಶಿನ ಬಳಿದಳು. ಅಕ್ಕಿ, ಬೇಳೆ, ಬೆಲ್ಲ, ಬಳೆ ಇಟ್ಟಳು. ಕಣವೊಂದು ಬೇಕಲ್ಲ; ಇಷ್ಟವಿಲ್ಲದ್ದು ಹೋಗಲಿ ಎಂದು ಆ ಹಸಿರು ಕಣವನ್ನೇ ಹಾಕಿ, ಮೇಲೊಂದು ಮೊರ ಮುಚ್ಚಿ, ಸೆರಗಿನಲ್ಲಿ ಮರೆಮಾಡಿಕೊಂಡು ಹೋಗಿ ನೀರಿಗೆ ಬಿಟ್ಟಳು. ಇನ್ನು ಕವಿತ ಬಿಡುವುದು ಎರಡನೆಯದು! ಮನೆಗೆ ಬಂದು ಕುಡಿದ ಕಾಫಿ ಎಂದಿಗಿಂತ ರುಚಿಯಾಗಿತ್ತು.

ಎಂಟು ಗಂಟೆಗೆ ಜನ ಆಚೆ ದಡದತ್ತ ಓಡುತ್ತಿದ್ದರು. ಇವಳೂ ಹೋದಳು. ಗಾಳಿಗೆ ತೇಲಿದ ಬಾಗಿನ ನೇರ ಕವಿತಳ ಮನೆ ಮುಂದಿನ ಮೆಟ್ಟಿಲಿಗೇ ಹೋಗಿ ನಿಂತಿತ್ತು.

"ನೋಡ್ರವ್ವ, ಗಂಗಮ್ಮನೇ ಬಾಗ್ನ ಕಳ್ಸವ್ಳೆ!" ಎಂದು ಜಯಲಕ್ಷ್ಮಮ್ಮ ಕೈಮುಗಿದರು. "ಎಂತಾ ಪುಣ್ಯ ಮಾಡಿದ್ಯೇ ಕವಿತ!"

ಅದು ನನ್ನದು ಎನ್ನುವ ಹಾಗಿಲ್ಲ. ಅಂದರೆ ಕಳ್ಳತನದಲ್ಲಿ ಬಿಟ್ಟದ್ದು ಬಯಲಾಗುತ್ತದೆ. ನಾಗರತ್ನಳೂ ಎಲ್ಲರ ಜೊತೆ ಕೈಮುಗಿದಳು.

ಕವಿತ ಮೊರ ತೆಗೆದು ಕಣ ಬಿಚ್ಚಿದಳು. ಒಳಗೆ ನೂಲಿನಲ್ಲಿ ಕೈಯಾರೆ ಹಾಕಿದ ಜೋಡಿ ಗಿಳಿಗಳಿದ್ದವು. ನಾಗರತ್ನ ಅವನ್ನು ನೋಡಿದ್ದು ಅದೇ ಮೊದಲು. ಕವಿತ ಮೆಲ್ಲಗೆ ತಲೆಯೆತ್ತಿ ಇವಳನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು, ಯಾರಿಗೂ ಕೇಳದಂತೆ ಅಂದಳು: "ನಿಮ್ಗೆ ಅಂತ್ಲೇ ಹಾಕಿದ್ದೆ ಕಣಕ್ಕ. ಗಿಳಿ ಚೆನ್ನಾಗಿ ಬಂದಿರ್ನಿಲ್ವಾ?"



ಕವಿತ ತಾನು ಸಿದ್ಧಮಾಡಿಟ್ಟಿದ್ದ ಬಾಗಿನ ತಂದು ನಾಗರತ್ನಳ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು: "ನಂಗೆ ಗಂಗಮ್ಮನೇ ಕೊಟ್ಟಾಯ್ತಲ್ಲ. ಕೆರೆಗೆ ನಾಗರತ್ನಕ್ಕನೇ ಬುಡ್ಲಿ. ಆರ್ತಿ ತಟ್ಟೆ ನಾನ್ ಇಡ್ಕತೀನಿ."

"ಎಂತಾ ದೊಡ್ ಮನ್ಸವ್ವ ಇವ್ಳದು!" ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ನಾಗರತ್ನ ಮೊಣಕಾಲುದ್ದ ನೀರಿಗಿಳಿದು ಮೊರ ಬಿಟ್ಟಳು. ಬಯಸಿದ್ದೇ ಕೈಗೆ ಬಂದಿತ್ತು. ತಿರುಗಿ ನೋಡಿದರೆ, ದಡದಲ್ಲಿದ್ದ ಅಷ್ಟೂ ಜನ ಕವಿತಳನ್ನೇ ನೋಡುತ್ತಿದ್ದರು.